ಮರದ ರೇಸಿಂಗ್ ಬೋಟು: ತಳ ನೇರ ಇದ್ದರೆ ಅರ್ಧ ರೇಸು ಮುಗಿದಂತೆ

ರಿಮೋಟಿನಲ್ಲಿ ಓಡಿಸುವ ಹೊಸ ಪುಟ್ಟ ಬೋಟು ನೀರಿಗಿಳಿದು ಹತ್ತು ಮೀಟರ್ ಹೋಗುವಷ್ಟರಲ್ಲಿ ಮೂಗೆತ್ತಿ ಕಪ್ಪೆಯಂತೆ ಕುಪ್ಪಳಿಸಿದರೆ ಹುಡುಗರು ಮೊದಲು ದೂರುವುದು ಮೋಟಾರನ್ನು, ಆಮೇಲೆ ಬ್ಯಾಟರಿಯನ್ನು. ದುಡ್ಡು ಕೂಡಿಸಿ ಇನ್ನೂ ದೊಡ್ಡ ಮೋಟಾರು ತರಿಸುತ್ತಾರೆ. ಬೋಟು ಇನ್ನೂ ಎತ್ತರ ಹಾರುತ್ತದೆ. ದಾವಣಗೆರೆಯಲ್ಲಿ ನನ್ನ ಬಳಿಗೆ ಬಂದ ಇಂಥ ಬೋಟುಗಳನ್ನು ಮಗುಚಿ, ತಳಕ್ಕೆ ಸ್ಟೀಲ್ ಸ್ಕೇಲ್ ಆನಿಸಿ ಬೆಳಕಿಗೆ ಹಿಡಿದಾಗ ಮತ್ತೆ ಮತ್ತೆ ಕಂಡದ್ದು ಒಂದೇ ದೋಷ: ತಳದ ಹಿಂದಿನ ಮೂರನೇ ಒಂದು ಭಾಗ ನೇರವಾಗಿಲ್ಲ. ವೇಗ ಹಿಡಿದ ಬೋಟು ನೀರಿನ ಮೇಲೆ ನಿಲ್ಲುವುದೇ ಆ ಭಾಗದ ಮೇಲೆ. ಆದ್ದರಿಂದ ಈ ಲೇಖನದ ಬಹುಪಾಲು ತಳದ ಬಗ್ಗೆಯೇ ಇದೆ.

ಮೊದಲ ಬೋಟಿಗೆ ನನ್ನ ಆಯ್ಕೆ 65 ಸೆಂ.ಮೀ. ಉದ್ದದ, ವಿ ಆಕಾರದ ತಳವಿರುವ ಮೋನೊ ಹಲ್, ಅಂದರೆ ಒಂದೇ ಒಡಲಿನ ಬೋಟು. ಅದಕ್ಕೆ ಮೂರು ಸೆಲ್ಲಿನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, 2000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 2000 ಸುತ್ತು) ಬ್ರಶ್‌ಲೆಸ್ ಮೋಟಾರು. ಮೂರು ಕಾಲಿನ ಔಟ್‌ರಿಗ್ಗರ್ ನೋಡಲು ಚೆಂದ, ವೇಗವೂ ಹೆಚ್ಚು. ಆದರೆ ಮೊದಲ ಬೋಟಾಗಿ ಅದನ್ನು ಕಟ್ಟಬೇಡಿ.

ಜೋಡಣೆಗೆ ಮುಂಚೆ

ಲೇಸರ್‌ನಲ್ಲಿ ಕತ್ತರಿಸಿದ ಪ್ಲೈವುಡ್ ತುಂಡುಗಳನ್ನು ನಕ್ಷೆಯೊಂದಿಗೆ ತಾಳೆ ನೋಡಿ, ಪೆನ್ಸಿಲಿನಲ್ಲಿ ಸಂಖ್ಯೆ ಬರೆದು, ಗೋಂದಿಲ್ಲದೆ ಒಮ್ಮೆ ಪೂರ್ತಿ ಜೋಡಿಸಿ ನೋಡಿ. ಒಂದು ಸಂಜೆಯ ಕೆಲಸ.

ಗೋಂದಿನ ವಿಷಯದಲ್ಲಿ ರಾಜಿ ಬೇಡ. ಬಡಗಿಗಳು ಬಳಸುವ ಸಾಧಾರಣ ಬಿಳಿ ಗೋಂದು ನೀರಿಗೆ ಮೆತ್ತಗಾಗುತ್ತದೆ. ಐದು ನಿಮಿಷದ ಎಪಾಕ್ಸಿ (ಎರಡು ದ್ರವ ಕಲಸಿ ಬಳಸುವ ಅಂಟು) ತಾತ್ಕಾಲಿಕವಾಗಿ ಹಿಡಿದಿಡಲು ಸರಿ, ಬೋಟಿನ ಆಯುಷ್ಯಕ್ಕಲ್ಲ. ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ತನ್ನಿ. ಅಂಗಡಿಯಲ್ಲಿ ‘ಫೈಬರ್ ರೆಸಿನ್’ ಎಂದು ಕೊಡುವುದು ಸಾಮಾನ್ಯವಾಗಿ ಪಾಲಿಯೆಸ್ಟರ್. ಅಗ್ಗವೆಂದು ತರಬೇಡಿ. ಮರಕ್ಕೆ ಅದರ ಹಿಡಿತ ಕಡಿಮೆ, ಮೇಲಾಗಿ ಬೋಟು ಮುಳುಗದಿರಲೆಂದು ಒಳಗೆ ತುಂಬಿದ ಥರ್ಮಾಕೋಲನ್ನು ಅದು ಕರಗಿಸಿಬಿಡುತ್ತದೆ. ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಎಪಾಕ್ಸಿಯನ್ನು ಲೋಟದಲ್ಲಿ ಕಲಸಿ ಇಟ್ಟರೆ ತನ್ನ ಶಾಖಕ್ಕೆ ತಾನೇ ಕುದಿದು, ಕೆಲಸ ಮುಗಿಯುವ ಮುನ್ನ ಕಲ್ಲಾಗುತ್ತದೆ. ಸ್ವಲ್ಪಸ್ವಲ್ಪವೇ ಕಲಸಿ, ಅಗಲವಾದ ತಟ್ಟೆಗೆ ಸುರಿದುಕೊಳ್ಳಿ. ಬೆಳಗಿನ ಜಾವ ಈ ಕೆಲಸಕ್ಕೆ ಒಳ್ಳೆಯ ಹೊತ್ತು.

ತಳ

ಅಸ್ಥಿಪಂಜರ ನೇರವಾಗಬೇಕಾದರೆ ಅದನ್ನು ಕೂರಿಸುವ ಜಾಗ ಮೊದಲು ನೇರವಿರಬೇಕು. ಮನೆಯ ಮೇಜು, ಹಳೆಯ ಹಲಗೆ ಎರಡನ್ನೂ ನಂಬಬೇಡಿ. ಅಡುಗೆಮನೆ ಕಟ್ಟೆಗೆ ಗ್ರಾನೈಟ್ ಕೊಯ್ಯುವವರ ಬಳಿ ಒಂದು ಮೀಟರ್ ಉದ್ದದ ಚೂರು ಕೇಳಿ ತನ್ನಿ. ಪಾಲಿಶ್ ಆದ ಗ್ರಾನೈಟಿನಷ್ಟು ಸಮತಟ್ಟಾದ ಮೇಲ್ಮೈ ಈ ಬೆಲೆಗೆ ಇನ್ನೆಲ್ಲೂ ಸಿಗದು. ಅದರ ಮೇಲೆ ಮಧ್ಯರೇಖೆ ಎಳೆದು, ಅಡ್ಡಚೌಕಟ್ಟುಗಳನ್ನು ತಲೆಕೆಳಗಾಗಿ ನಿಲ್ಲಿಸಿ, ಪ್ರತಿಯೊಂದನ್ನೂ ಮೂಲೆಮಟ್ಟದಿಂದ ನೋಡಿ ಅಂಟಿಸಿ. ಮುಂದೊಂದು, ಹಿಂದೊಂದು ನೇರವಾದ ಕಡ್ಡಿ ಅಡ್ಡ ಇಟ್ಟು, ಒಂದು ಕಣ್ಣು ಮುಚ್ಚಿ ನೋಡಿ. ಎರಡೂ ಕಡ್ಡಿ ಒಂದರ ಹಿಂದೊಂದು ಸಮವಾಗಿ ಮರೆಯಾದರೆ ತಿರುಚಿಲ್ಲ ಎಂದರ್ಥ.

ಅತಿ ಹೆಚ್ಚು ಬೋಟು ಕೆಡುವುದು ಇದರ ಮುಂದಿನ ಹೆಜ್ಜೆಯಲ್ಲಿ. ತಳದ ಎಡ ಹೊದಿಕೆಯನ್ನು ಅಂಟಿಸಿ, ಒಣಗಿದ ಖುಷಿಗೆ ಚೌಕಟ್ಟನ್ನು ಕಲ್ಲಿನಿಂದ ಎತ್ತಿ, ಕೈಯಲ್ಲಿ ಹಿಡಿದು ಬಲ ಹೊದಿಕೆ ಅಂಟಿಸುತ್ತಾರೆ. ಅಷ್ಟರಲ್ಲಿ ಎಡಭಾಗದ ಎಳೆತಕ್ಕೆ ಇಡೀ ಒಡಲು ಬಾಳೆಕಾಯಿಯಂತೆ ಬಾಗಿರುತ್ತದೆ. ಎರಡೂ ಹೊದಿಕೆ ಅಂಟಿ, ಇಪ್ಪತ್ನಾಲ್ಕು ಗಂಟೆ ಕಳೆಯುವ ತನಕ ಚೌಕಟ್ಟು ಕಲ್ಲು ಬಿಡಬಾರದು. ಮೂಗಿನ ಕಡೆ ಪ್ಲೈವುಡ್ ತಿರುಚಿ ಬಾಗಬೇಕಾದ್ದರಿಂದ ಅಲ್ಲಿಗೆ ಬಿಸಿನೀರು ಸವರಿ, ಒಣಗುವ ತನಕ ಕಟ್ಟಿ ಆಕಾರ ಕೂರಿಸಿ, ಆಮೇಲೆ ಅಂಟಿಸಿ. ಒದ್ದೆ ಮರಕ್ಕೆ ಎಪಾಕ್ಸಿ ಸರಿಯಾಗಿ ಹಿಡಿಯುವುದಿಲ್ಲ.

ಈಗ ಸ್ಕೇಲ್ ತೆಗೆದುಕೊಳ್ಳಿ. ಹಿಂದಿನ ಪಟ್ಟಿಯಿಂದ (ಬೋಟಿನ ಹಿಂಬದಿಯನ್ನು ಮುಚ್ಚುವ ಹಲಗೆ) ಮುಂದಕ್ಕೆ ಸುಮಾರು 22 ಸೆಂ.ಮೀ. ಉದ್ದಕ್ಕೆ, ಮಧ್ಯದ ಏಣಿನ ಎರಡೂ ಬದಿಯಲ್ಲಿ, ಮೂರು ನಾಲ್ಕು ಕಡೆ ಆನಿಸಿ, ಹಿಂದೆ ಟಾರ್ಚ್ ಹಿಡಿಯಿರಿ. ಸ್ಕೇಲಿನ ನಡುವೆ ಬೆಳಕು ತೂರಿದರೆ ತಳ ಒಳಗೆ ಬಾಗಿದೆ. ನೀರು ಹಿಂಭಾಗವನ್ನು ಎತ್ತಿ ಮೂಗನ್ನು ಅದುಮುತ್ತದೆ. ಸ್ಕೇಲ್ ತೊಟ್ಟಿಲಿನಂತೆ ತೂಗಿದರೆ ಹೊರಗೆ ಉಬ್ಬಿದೆ. ಆ ಉಬ್ಬು ಹಿಂಭಾಗವನ್ನು ನೀರಿಗೆ ಸೆಳೆದು ಮೂಗನ್ನು ಎತ್ತಿಸುತ್ತದೆ, ಕುಪ್ಪಳಿಕೆ ಶುರುವಾಗುತ್ತದೆ. ತಗ್ಗಿಗೆ ಎಪಾಕ್ಸಿಯಲ್ಲಿ ಟಾಲ್ಕ್ ಪುಡಿ ಕಲಸಿ ತುಂಬಿ, ಗಟ್ಟಿಯಾದ ಮೇಲೆ ಉಜ್ಜಿ. ಬೆರಳಿಗೆ ಉಜ್ಜುಕಾಗದ ಸುತ್ತಿಕೊಂಡು ಉಜ್ಜಬೇಡಿ, ಬೆರಳು ಹೊಸ ತಗ್ಗು ತೋಡುತ್ತದೆ. ಗ್ರಾನೈಟಿನ ಉದ್ದ ಪಟ್ಟಿಗೆ 120ರ ಕಾಗದ ಅಂಟಿಸಿ, ಉದ್ದಕ್ಕೂ ಎಳೆಯಿರಿ. ಬೇಸರ ತರಿಸುವ ಕೆಲಸ. ನಾನು ಇದಕ್ಕೆ ಎರಡು ಪೂರ್ತಿ ದಿನ ಇಡುತ್ತೇನೆ, ನೀವೂ ಇಡಿ.

ಅಂಚುಗಳ ಬಗ್ಗೆ ಒಂದು ಮಾತು. ಪೀಠೋಪಕರಣ ಮಾಡಿದ ಕೈಗೆ ಅಂಚನ್ನು ದುಂಡಗೆ ಮಾಡುವುದೇ ನಾಜೂಕು. ಬೋಟಿನಲ್ಲಿ ಅದು ಸಲ್ಲದು. ತಳ ಮತ್ತು ಪಕ್ಕ ಸೇರುವ ಅಂಚು, ತಳ ಮತ್ತು ಹಿಂದಿನ ಪಟ್ಟಿ ಸೇರುವ ಅಂಚು, ಎರಡೂ ಉಗುರಿಗೆ ತಾಗುವಷ್ಟು ಚೂಪಾಗಿರಬೇಕು. ಚೂಪು ಅಂಚಿನಲ್ಲಿ ನೀರು ತಟ್ಟನೆ ಕಳಚಿಕೊಳ್ಳುತ್ತದೆ. ದುಂಡಗಿದ್ದರೆ ಮರಕ್ಕೆ ಅಂಟಿಕೊಂಡು ಮೇಲೇರಿ ಬೋಟನ್ನು ಹಿಂದಕ್ಕೆ ಎಳೆಯುತ್ತದೆ. ಈಗಾಗಲೇ ದುಂಡಗಾಗಿದ್ದರೆ ಅಂಚಿನ ಹೊರಗೆ ಟೇಪ್ ಗೋಡೆ ಕಟ್ಟಿ, ಎಪಾಕ್ಸಿ ತುಂಬಿ, ಮತ್ತೆ ಚೌಕ ಉಜ್ಜಿ.

ಡೆಕ್ (ಮೇಲಿನ ಹೊದಿಕೆ) ಮುಚ್ಚುವ ಮುನ್ನ ಒಳಗೆಲ್ಲ ತೆಳುವಾಗಿ ಎಪಾಕ್ಸಿ ಬಳಿಯಿರಿ. ಹೊರಗೆ ಮೂರು ಪದರ ಬಣ್ಣ ಹೊಡೆದು ಒಳಗೆ ಹಸಿ ಮರ ಬಿಟ್ಟ ಬೋಟು ಎರಡೇ ಮಳೆಗಾಲದಲ್ಲಿ ಉಬ್ಬಿ ಸೀಳುವುದನ್ನು ಕಂಡಿದ್ದೇನೆ.

ಶಾಫ್ಟ್ ಮತ್ತು ಪ್ರೊಪೆಲರ್

ಮೋಟಾರಿನ ತಿರುಗುವಿಕೆಯನ್ನು ಪ್ರೊಪೆಲರಿಗೆ ಒಯ್ಯುವ ಫ್ಲೆಕ್ಸ್ ಶಾಫ್ಟ್ (ಬಾಗುವ ಕೇಬಲ್) ಹಾಯುವ ಹಿತ್ತಾಳೆ ಕೊಳವೆ ನಿಧಾನವಾಗಿ ಬಾಗಬೇಕು. ಒಳಗೆ ಉಪ್ಪು ಬಿಗಿಯಾಗಿ ತುಂಬಿ, ತುದಿ ಮುಚ್ಚಿ ಬಗ್ಗಿಸಿದರೆ ಮಡಿಕೆ ಬೀಳುವುದಿಲ್ಲ. ಫ್ಲೆಕ್ಸ್ ಶಾಫ್ಟ್ ಕೂರಿಸುವಾಗ ಪ್ರೊಪೆಲರನ್ನು ಹಿಡಿಯುವ ಡ್ರೈವ್ ಡಾಗ್‌ಗೂ, ಶಾಫ್ಟಿನ ತುದಿಯನ್ನು ಬೋಟಿನ ಹಿಂದೆ ಹಿಡಿದಿಡುವ ಸ್ಟ್ರಟ್‌ಗೂ ನಡುವೆ 4–5 ಮಿ.ಮೀ. ಸಂದು ಬಿಡಿ. ಹುರಿ ಹೊಸೆದಂಥ ಈ ಕೇಬಲ್ ಭಾರ ಬಿದ್ದಾಗ ಬಿಗಿದುಕೊಂಡು ಗಿಡ್ಡವಾಗುತ್ತದೆ. ಸಂದಿಲ್ಲದಿದ್ದರೆ ಡಾಗ್ ಸ್ಟ್ರಟ್ಟಿಗೆ ಒತ್ತಿ ಉಜ್ಜಿ, ಮೋಟಾರು ಸುಡುತ್ತದೆ.

ಪ್ರೊಪೆಲರ್ ಹೆಸರಿನಲ್ಲೇ ಲೆಕ್ಕವಿದೆ. ಆಕ್ಟುರಾ ಎಕ್ಸ್ 440 ಎಂದರೆ ವ್ಯಾಸ 40 ಮಿ.ಮೀ., ಪಿಚ್ (ಒಂದು ಸುತ್ತಿಗೆ ಮುಂದೆ ಸಾಗಬೇಕಾದ ದೂರ) ವ್ಯಾಸದ 1.4 ಪಟ್ಟು, ಅಂದರೆ 56 ಮಿ.ಮೀ. 11.1 ವೋಲ್ಟಿನಲ್ಲಿ 2000 ಕೆವಿ ಮೋಟಾರು ನಿಮಿಷಕ್ಕೆ 22,200 ಸುತ್ತು ಸುತ್ತಿದರೆ ಕಾಗದದ ಮೇಲೆ ಗಂಟೆಗೆ ಸುಮಾರು 75 ಕಿ.ಮೀ. ನೀರಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಶುರುವಿಗೆ ಇದಕ್ಕಿಂತ ಚಿಕ್ಕದನ್ನೇ ಹಾಕಿ. ಬೆರಿಲಿಯಂ ತಾಮ್ರದ ಪ್ರೊಪೆಲರ್‌ಗಳನ್ನು ನಾವೇ ಹರಿತ ಮಾಡಿ, ಎರಡೂ ಎಲೆಗಳ ತೂಕ ಸಮ ಮಾಡಬೇಕು. ಒಣಗಿದ್ದಾಗ ಉಜ್ಜಲೇಬೇಡಿ, ಆ ಧೂಳು ಶ್ವಾಸಕೋಶಕ್ಕೆ ವಿಷ. ನೀರಿನೊಳಗೆ ಮುಳುಗಿಸಿ ಉಜ್ಜಿ.

ರಿಮೋಟಿನ ಸಂಕೇತ ಹಿಡಿಯುವ ರಿಸೀವರ್, ಚುಕ್ಕಾಣಿ ತಿರುಗಿಸುವ ಸರ್ವೊ ಕೂರಿಸುವುದು ಸುಲಭ. ಆಂಟೆನಾ ಮಾತ್ರ ನೀರಿನ ಮಟ್ಟಕ್ಕಿಂತ ಮೇಲಿರಲಿ, 2.4 ಗಿಗಾಹರ್ಟ್ಸ್ ಅಲೆ ನೀರನ್ನು ದಾಟುವುದಿಲ್ಲ.

ನೀರಿಗೆ

ಮೊದಲು ಮನೆಯ ತೊಟ್ಟಿ. ಬ್ಯಾಟರಿ ಇಟ್ಟು ಅರ್ಧ ಗಂಟೆ ತೇಲಲು ಬಿಟ್ಟು, ಒಳಗೆ ಹನಿ ಬಂದಿದೆಯೇ ನೋಡಿ. ತೂಕದ ಕೇಂದ್ರ ಹಿಂದಿನ ಪಟ್ಟಿಯಿಂದ ಉದ್ದದ ಶೇ 30ರಷ್ಟು ಮುಂದೆ, ಅಂದರೆ ಈ ಬೋಟಿನಲ್ಲಿ 19.5 ಸೆಂ.ಮೀ. ಬಳಿ ಇರಲಿ. ಎರಡು ಬೆರಳ ಮೇಲೆ ಎತ್ತಿ ನೋಡಿದರೆ ತಿಳಿಯುತ್ತದೆ.

ಕುಂದುವಾಡ ಕೆರೆ ಊರಿಗೆ ಕುಡಿಯುವ ನೀರು ಕೊಡುವ ಕೆರೆ. ಅನುಮತಿ ಕೇಳದೆ ಅಲ್ಲಿ ಬೋಟು ಬಿಡಬೇಡಿ, ಎಣ್ಣೆಯ ಎಂಜಿನ್ ಅಂತೂ ಬೇಡವೇ ಬೇಡ. ಚಿತ್ರದುರ್ಗದವರು ಕೋಟೆಯ ಹೊಂಡಗಳನ್ನು ಅವುಗಳ ಪಾಡಿಗೆ ಬಿಡಲಿ. ಸೂಳೆಕೆರೆ ತೀರಾ ವಿಶಾಲ, ಗಾಳಿ ಎದ್ದರೆ ಅಲೆ ಈ ಅಳತೆಯ ಬೋಟನ್ನು ಮಗುಚುತ್ತದೆ. ಊರಾಚೆಯ ಸಣ್ಣ ಕೆರೆ ಅಥವಾ ಪರಿಚಯದವರ ತೋಟದ ಕೃಷಿ ಹೊಂಡವೇ ಲೇಸು. ಆಷಾಢದ ಗಾಳಿಯಲ್ಲಿ ಪರೀಕ್ಷೆ ಬೇಡ. ಬಿಸಿಲೇರುವ ಮುನ್ನ, ನೀರು ಕನ್ನಡಿಯಂತಿರುವಾಗ ಹೋಗಿ. ಅಂತರಗಂಗೆ ಇರುವ ಕಡೆ ಬಿಡಬೇಡಿ. ಜೊತೆಗೆ ಗಾಳದ ಕೋಲಿಗೆ ಟೆನಿಸ್ ಚೆಂಡು ಕಟ್ಟಿ ಒಯ್ಯಿರಿ. ಬೋಟು ನಿಂತರೆ ಅದರಾಚೆ ಚೆಂಡು ಎಸೆದು ಎಳೆದುಕೊಳ್ಳಬಹುದು. ಬೋಟು ತರಲು ಯಾರೂ ನೀರಿಗೆ ಇಳಿಯಕೂಡದು.

ಮೊದಲ ಓಟ ಮೂವತ್ತೇ ಸೆಕೆಂಡು. ಮೋಟಾರನ್ನು ತಂಪುಗೊಳಿಸುವ ನೀರು ಪಕ್ಕದ ತೂತಿನಿಂದ ಚಿಮ್ಮುತ್ತಿದೆಯೇ ನೋಡಿ. ದಡಕ್ಕೆ ತಂದು ಮೋಟಾರು, ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಕ), ಬ್ಯಾಟರಿ ಮುಟ್ಟಿ. ಬೆರಳು ಇಡಲಾಗದಷ್ಟು ಬಿಸಿಯಿದ್ದರೆ ಪ್ರೊಪೆಲರ್ ದೊಡ್ಡದಾಯಿತು. ಮೂಗು ಕುಣಿದರೆ ಬ್ಯಾಟರಿಯನ್ನು ಒಂದು ಸೆಂ.ಮೀ. ಮುಂದೆ ಸರಿಸಿ, ಮೂಗು ನೀರನ್ನು ಉಳುತ್ತ ಹೋದರೆ ಹಿಂದೆ ಸರಿಸಿ. ಎಡಬಲ ಹೊಯ್ದಾಡಿದರೆ ಸ್ಟ್ರಟ್ಟನ್ನು ಅರ್ಧ ಮಿ.ಮೀ. ಇಳಿಸಿ. ಒಂದು ಓಟಕ್ಕೆ ಒಂದೇ ಬದಲಾವಣೆ ಮಾಡಿ, ಪುಸ್ತಕದಲ್ಲಿ ಬರೆದಿಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದು ಫಲ ಕೊಟ್ಟಿತೆಂದು ತಿಳಿಯದು.

ಮನೆಗೆ ಬಂದ ಮೇಲೆ ಫ್ಲೆಕ್ಸ್ ಶಾಫ್ಟ್ ಹೊರಗೆಳೆದು ಒರೆಸಿ, ನೀರಿಗೆ ತೊಳೆದುಹೋಗದ ಗ್ರೀಸ್ ಸವರಿ. ಬ್ಯಾಟರಿಯನ್ನು ಸೆಲ್ಲಿಗೆ 3.8 ವೋಲ್ಟಿಗೆ ತಂದಿಡಿ. ಮುಚ್ಚಳ ತೆರೆದು ಬೋಟನ್ನು ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಇಟ್ಟರೆ ಎರಡು ದಿನ ಉಜ್ಜಿ ನೇರ ಮಾಡಿದ ತಳ ಮತ್ತೆ ಬಾಗಬಹುದು.