ಗೋ-ವೆಂಟ್-ಗಾನ್: ಲೋಕಲ್ ಟ್ರೈನಿನಲ್ಲಿ ನಾನು ಕಲಿತ ಬಗೆ

ಇಂಗ್ಲಿಷ್ ಕಲಿಯಲು ಹೊರಟವರಿಗೆ ಎಲ್ಲರೂ ಮೊದಲು ಕೊಡುವುದು, ಭೂತಕಾಲಕ್ಕೆ ಕೊನೆಯಲ್ಲಿ ‘ಇ-ಡಿ’ ಅಕ್ಷರ ಹಚ್ಚಿಕೊಳ್ಳದೆ ಗೋ-ವೆಂಟ್-ಗಾನ್ ಹಾಗೆ ತಮ್ಮದೇ ದಾರಿ ಹಿಡಿಯುವ ಕ್ರಿಯಾಪದಗಳ ಆ ಮೂರು ಕಾಲಮ್ಮಿನ ಪಟ್ಟಿ. ಅರೈಸ್‌ನಿಂದ ಶುರುವಾಗಿ ರೈಟ್‌ಗೆ ಮುಗಿಯುತ್ತದೆ. ಎಬಿಸಿಡಿ ಕ್ರಮದಲ್ಲಿರುವುದರಿಂದ ಹುಡುಕಲು ಒಳ್ಳೆಯದು, ಬಾಯಿಗೆ ಹತ್ತಿಸಿಕೊಳ್ಳಲು ಪ್ರಯೋಜನವಿಲ್ಲ. ಬ್ರಿಂಗ್ ಪಕ್ಕ ಬಿಲ್ಡ್ ಇರುತ್ತದೆ, ಅವೆರಡಕ್ಕೂ ಏನೇನೂ ಸಂಬಂಧವಿಲ್ಲ. ನಾನು ಆ ಪಟ್ಟಿಯನ್ನು ಬದಿಗಿಟ್ಟು ಬೇರೆ ದಾರಿ ಹಿಡಿದೆ. ಕನ್ನಡ ಮೀಡಿಯಮ್ಮಿನಲ್ಲಿ ಓದಿ ಮುಂಬೈಗೆ ಬಂದ ನನ್ನಂಥವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ನನ್ನದು ಕುಂದಾಪುರ ಕಡೆ. ಮದುವೆಯಾದ ಮೇಲೆ ಡೊಂಬಿವಲಿ. ಕೆಲಸ ಮಸ್ಜಿದ್ ಬಂದರ್ ಹತ್ತಿರದ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ. ಅಲ್ಲಿ ಮಾತೆಲ್ಲ ಹಿಂದಿ, ಮರಾಠಿ, ಗುಜರಾತಿ. ಆದರೆ ಪಾರ್ಟಿಗಳಿಗೆ, ಅಂದರೆ ಗಿರಾಕಿಗಳಿಗೆ, ಕಳಿಸುವ ಮೇಲ್ ಮಾತ್ರ ಇಂಗ್ಲಿಷ್. ಆ ಮೇಲ್‌ಗಳಲ್ಲಿ ಏನಿರುತ್ತದೆ ಹೇಳಿ? ಎಲ್ಲ ನಿನ್ನೆಯ ಸಂಗತಿ. ಗಾಡಿ ಎಷ್ಟು ಹೊತ್ತಿಗೆ ಹೊರಟಿತು, ಡ್ರೈವರ್ ಬಿಲ್ಟಿ (ಮಾಲಿನ ರಸೀದಿ) ತಂದನೋ ಇಲ್ಲವೋ, ಯಾವ ಪೆಟ್ಟಿಗೆ ಒಡೆಯಿತು, ಯಾರು ದುಡ್ಡು ಕೊಟ್ಟರು. ಬರೀ ಭೂತಕಾಲ! ಹಾಗಾಗಿ ನಾನು ಮೊದಲು ಹಿಡಿದದ್ದು ನನ್ನ ಕೆಲಸಕ್ಕೆ ಬೇಕಾದ ಇಪ್ಪತ್ತು-ಇಪ್ಪತ್ತೈದು ಕ್ರಿಯಾಪದಗಳನ್ನು ಮಾತ್ರ. ಸೆಂಟ್, ಲೆಫ್ಟ್, ಪೇಡ್, ಬ್ರಾಟ್, ಟುಕ್, ಗೇವ್, ಲಾಸ್ಟ್, ಬ್ರೋಕ್, ಫೌಂಡ್, ಟೋಲ್ಡ್. ಹೋಟೆಲಿನಲ್ಲಿ ಕೆಲಸ ಮಾಡುವವರ ಇಪ್ಪತ್ತು ಬೇರೆ, ಆಸ್ಪತ್ರೆಯಲ್ಲಿರುವವರ ಇಪ್ಪತ್ತು ಬೇರೆ. ನಿಮ್ಮದು ಯಾವುದು ಅಂತ ನೀವೇ ಆರಿಸಿಕೊಳ್ಳಬೇಕು.

ದಿನಬಳಕೆಯಲ್ಲಿ ಹೀಗೆ ‘ಇ-ಡಿ’ ಹಚ್ಚಿಕೊಳ್ಳದ ಕ್ರಿಯಾಪದಗಳು ಸುಮಾರು 200 ಇವೆ ಅನ್ನುತ್ತಾರೆ, ಎಣಿಸುವ ರೀತಿಯ ಮೇಲೆ ಹೆಚ್ಚು ಕಡಿಮೆ. ಕೇಳಿದರೆ ಗಾಬರಿಯಾಗುತ್ತದೆ, ಅಲ್ವಾ? ಆದರೆ ಅತಿ ಹೆಚ್ಚು ಬಳಕೆಯಾಗುವ ಬೀ, ಹ್ಯಾವ್, ಡೂ, ಸೇ, ಗೋ, ಗೆಟ್, ಮೇಕ್, ನೋ, ಟೇಕ್, ಸೀ, ಕಮ್ ಎಲ್ಲವೂ ಇದೇ ಜಾತಿಯವು. ಜನ ದಿನವೂ ಆಡುವುದರಿಂದಲೇ ಇವುಗಳ ಹಳೆಯ ರೂಪ ಉಳಿದುಕೊಂಡಿದೆ. ಬಳಕೆ ಕಮ್ಮಿಯಾದವು ಮೆಲ್ಲಗೆ ‘ಇ-ಡಿ’ ಸಾಲಿಗೆ ಸೇರಿಬಿಡುತ್ತವೆ. ಹೊಸದಾಗಿ ಹುಟ್ಟುವ ಪದಗಳಂತೂ ನೇರವಾಗಿ ಅಲ್ಲಿಗೇ: ಗೂಗಲ್ಡ್, ಟೆಕ್ಸ್ಟೆಡ್. ಅಂದರೆ ನಾವು ಕಲಿಯಬೇಕಾದವು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವಂಥವೇ.

ನಮ್ಮ ಕನ್ನಡ ಏನು ಕಮ್ಮಿಯೇ? ಮಾಡು-ಮಾಡಿದ, ಓದು-ಓದಿದ ಸರಿ. ಆದರೆ ಕೊಡು ಅಂದರೆ ಕೊಟ್ಟ, ನಗು ಅಂದರೆ ನಕ್ಕ, ನಿಲ್ಲು ಅಂದರೆ ನಿಂತ, ಬೀಳು ಅಂದರೆ ಬಿದ್ದ, ಸಾಯು ಅಂದರೆ ಸತ್ತ. ನಮಗೆ ಯಾರೂ ಇದರ ಪಟ್ಟಿ ಕೊಟ್ಟಿರಲಿಲ್ಲ. ಮಕ್ಕಳು ಕೆಲವು ದಿನ ‘ಕೊಡಿದ’, ‘ಬರಿದ’ ಅನ್ನುತ್ತಾರೆ, ಕೇಳಿ ಕೇಳಿ ತಾವೇ ಸರಿಮಾಡಿಕೊಳ್ಳುತ್ತಾರೆ. ಇನ್ನೂ ಸರಿಯಾಗಿ ನೋಡಿದರೆ ಅಲ್ಲೂ ಗುಂಪುಗಳಿವೆ: ಕೊಡು-ಕೊಟ್ಟ, ಇಡು-ಇಟ್ಟ, ಬಿಡು-ಬಿಟ್ಟ, ಸುಡು-ಸುಟ್ಟ. ಇದು ಹೊಳೆದ ಮೇಲೆ ಇಂಗ್ಲಿಷಿನವನ್ನೂ ಸದ್ದಿನ ಪ್ರಕಾರ ಗುಂಪು ಮಾಡಲು ಕೂತೆ. ಹಳೆಯ ಬಿಲ್ಟಿ ಪುಸ್ತಕದ ಹಿಂಬದಿಯಲ್ಲಿ, ಒಂದು ಹಾಳೆಗೆ ಒಂದು ಗುಂಪು.

ನನಗೆ ಬಹಳ ಇಷ್ಟವಾದದ್ದು ‘ಆಟ್’ ಗುಂಪು. ಬೈ-ಬಾಟ್, ಬ್ರಿಂಗ್-ಬ್ರಾಟ್, ಥಿಂಕ್-ಥಾಟ್, ಫೈಟ್-ಫಾಟ್, ಕ್ಯಾಚ್-ಕಾಟ್, ಟೀಚ್-ಟಾಟ್. ಎರಡನೆಯ, ಮೂರನೆಯ ರೂಪ ಒಂದೇ. ಸ್ಪೆಲ್ಲಿಂಗಿನಲ್ಲಿ ಒ-ಯು ಎಲ್ಲಿ, ಎ-ಯು ಎಲ್ಲಿ ಅನ್ನುವ ಗೊಂದಲಕ್ಕೆ ಒಂದು ಗುರುತು ಇಟ್ಟುಕೊಂಡಿದ್ದೇನೆ. ಕ್ಯಾಚ್, ಟೀಚ್ ಎರಡರಲ್ಲೂ ಮೊದಲೇ ‘ಎ’ ಅಕ್ಷರ ಇದೆ, ಹಾಗಾಗಿ ಅವಕ್ಕೆ ಎ-ಯು. ಮಿಕ್ಕವುಗಳಲ್ಲಿ ‘ಎ’ ಇಲ್ಲ, ಅವಕ್ಕೆ ಒ-ಯು. ಇದೊಂದು ಗೊತ್ತಿದ್ದರೆ ಡಿಕ್ಷನರಿ ತೆರೆಯುವ ಕೆಲಸವೇ ಇಲ್ಲ.

ಇನ್ನೊಂದು, ಉದ್ದದ ‘ಈ’ ಹೋಗಿ ಗಿಡ್ಡ ‘ಎ’ ಬರುವ ಗುಂಪು: ಕೀಪ್-ಕೆಪ್ಟ್, ಸ್ಲೀಪ್-ಸ್ಲೆಪ್ಟ್, ಲೀವ್-ಲೆಫ್ಟ್, ಮೀಟ್-ಮೆಟ್, ಫೀಲ್-ಫೆಲ್ಟ್. ರೀಡ್ ಕೂಡ ಇಲ್ಲಿಯದೇ. ಬರೆಯುವಾಗ ಒಂದೇ ಥರ, ಓದುವಾಗ ಮಾತ್ರ ರೆಡ್. ಸೆಂಡ್-ಸೆಂಟ್, ಸ್ಪೆಂಡ್-ಸ್ಪೆಂಟ್, ಲೆಂಡ್-ಲೆಂಟ್ ಸುಲಭ. ಡ್ರಿಂಕ್-ಡ್ರ್ಯಾಂಕ್-ಡ್ರಂಕ್, ಬಿಗಿನ್-ಬಿಗ್ಯಾನ್-ಬಿಗನ್, ಇವನ್ನು ಹಾಡಿನ ಹಾಗೆ ಹೇಳಿಕೊಂಡರೆ ಕೂತುಬಿಡುತ್ತವೆ. ಏನೂ ಬದಲಾಗದ ಕಟ್, ಪುಟ್, ಹಿಟ್, ಶಟ್, ಕಾಸ್ಟ್ ಬಗ್ಗೆ ಜನ ಸುಮ್ನೆ ಬಿಟ್ಟುಬಿಡುತ್ತಾರೆ. ಅಲ್ಲಿಯೂ ಒಂದು ಸೂಕ್ಷ್ಮ ಇದೆ. ‘ಹಿ ಪುಟ್ಸ್’ ಅಂದರೆ ದಿನಾ ಇಡುತ್ತಾನೆ, ‘ಹಿ ಪುಟ್’ ಅಂದರೆ ನಿನ್ನೆ ಇಟ್ಟ. ಆ ‘ಎಸ್’ ಇಲ್ಲದಿರುವುದೇ ಭೂತಕಾಲದ ಗುರುತು.

ಅಭ್ಯಾಸಕ್ಕೆ ಸಮಯ ಎಲ್ಲಿಂದ ತರುವುದು? ಮಸ್ಜಿದ್ ಸ್ಟೇಷನ್ನಿನಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲ, ನನಗೆ ಸ್ಲೋ ಟ್ರೈನೇ ಗತಿ. ಅದೇ ನನಗೆ ಪಾಠಶಾಲೆಯಾಯಿತು. ಒಂದು ಸ್ಟೇಷನ್ನಿಗೆ ಒಂದು ಕ್ರಿಯಾಪದ ಅಂತ ನಿಯಮ ಮಾಡಿಕೊಂಡೆ. ಕೋಪರ್ ಬರುವುದರೊಳಗೆ ಒಂದು, ದಿವಾ ಬರುವುದರೊಳಗೆ ಇನ್ನೊಂದು, ಆಮೇಲೆ ಮುಂಬ್ರಾ, ಕಳವಾ. ಬರೀ ಮೂರು ರೂಪ ಗಿಣಿಪಾಠ ಒಪ್ಪಿಸುವಂತಿಲ್ಲ. ನಿನ್ನೆ ನಿಜವಾಗಿ ನಡೆದದ್ದರ ಮೇಲೆ ಒಂದು ವಾಕ್ಯ ಮನಸ್ಸಿನಲ್ಲೇ ಕಟ್ಟಬೇಕು. ನಿಜವಾದದ್ದೇ ಆಗಬೇಕು ಅನ್ನುವುದು ನನ್ನ ಹಟ. ಪುಸ್ತಕದ ‘ರಾಮ್ ವೆಂಟ್ ಟು ಮಾರ್ಕೆಟ್’ ಯಾರಿಗೆ ನೆನಪಿರುತ್ತದೆ?

ಠಾಣೆಯಲ್ಲಿ ಒಬ್ಬ ಅಕ್ಕ ಹತ್ತುತ್ತಾರೆ. ಕಾರ್ಕಳದವರು, ಸಾಯನ್ ಹತ್ತಿರ ಒಂದು ಶಾಲೆಯಲ್ಲಿ ಟೀಚರ್. ಅವರ ಜೊತೆ ಅಭ್ಯಾಸ ಶುರುವಾದ ಮೇಲೆ ನನ್ನ ಬಾಯಿ ಪೂರ್ತಿ ಬಿಚ್ಚಿತು. ಲೇಡೀಸ್ ಡಬ್ಬದ ಆ ಗಲಾಟೆಯಲ್ಲಿ ಕಂಬಿ ಹಿಡಿದು ನಿಂತುಕೊಂಡೇ ಕೇಳುತ್ತಾರೆ, “ಹ್ಞಾಂ, ನಿನ್ನೆ ಸಂಜೆ ಏನಾಯ್ತು ಹೇಳು ಮಾರಾಯ್ತಿ.”

“ಐ ಲೆಫ್ಟ್ ಆಫೀಸ್ ಅಟ್ ಸೆವೆನ್. ಐ ಬಾಟ್ ಮೆಂತೆಸೊಪ್ಪು.”

“ತಗೊಂಡು ಏನು ಮಾಡಿದೆ? ಇಲ್ಲೇ ಕೂತು ಸೋಸಿದೆಯಾ, ಮನೆಗೆ ತಂದೆಯಾ?”

“ಐ ಗಾಟ್ ಎ ಸೀಟ್, ಸೋ ಐ ಕ್ಲೀನ್ಡ್ ಇಟ್ ಹಿಯರ್. ದೆನ್ ಐ ಬ್ರಾಟ್ ಇಟ್ ಹೋಮ್.”

“ಅತ್ತೆ ಏನಂದರು?”

“ಶಿ ಸೆಡ್ ನಥಿಂಗ್, ಅಕ್ಕ. ಶಿ ಮೇಡ್ ರೊಟ್ಟಿ.”

ಇಷ್ಟೇ. ಒಂದು ಪ್ರಶ್ನೆ ಇನ್ನೊಂದು ಕ್ರಿಯಾಪದವನ್ನು ಹೊರಗೆ ಎಳೆಯುತ್ತದೆ. ಅವರು ಎಂದೂ ‘ತಪ್ಪು’ ಅನ್ನುವುದಿಲ್ಲ, ಸರಿಯಾದ ರೂಪ ಹಾಕಿ ಮತ್ತೊಮ್ಮೆ ಕೇಳುತ್ತಾರೆ. ಸೇ-ಸೆಡ್ ಅನ್ನುವುದನ್ನು ‘ಸೇಡ್’ ಅನ್ನಬಾರದು ಅಂತ ನನಗೆ ಹೀಗೇ ಕಿವಿಗೆ ಬಿದ್ದದ್ದು. ಅಂಥ ಒಬ್ಬರು ಜೊತೆಗಿದ್ದರೆ ಕ್ಲಾಸಿಗೆ ದುಡ್ಡು ಕಟ್ಟುವ ಅಗತ್ಯ ಬೀಳುವುದಿಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಈಗ ‘ಡಿಡ್’ ವಿಷಯ. ಮುಂಬೈ ತುಂಬ ‘ಡಿಡ್ ಯೂ ವೆಂಟ್’ ಕೇಳಿಬರುತ್ತದೆ. ಡಿಡ್ ಬಂದರೆ ಮುಂದಿನದು ಮೊದಲನೆಯ ರೂಪದಲ್ಲೇ ಇರಬೇಕು: ಡಿಡ್ ನಾಟ್ ಕಮ್, ಡಿಡ್ ಯೂ ಕಮ್. ‘ಇಲ್ಲ’ ಅನ್ನುವ ವಾಕ್ಯದಲ್ಲಿ ನಮಗೆ ಕನ್ನಡವೇ ಸಹಾಯಕ್ಕೆ ಬರುತ್ತದೆ. ‘ಬಂದೆ’ ಅನ್ನುತ್ತೇವೆ, ಆದರೆ ‘ಬಂದಲಿಲ್ಲ’ ಅನ್ನುತ್ತೇವೆಯೇ? ಇಲ್ಲ, ‘ಬರಲಿಲ್ಲ’. ಭೂತಕಾಲದ ರೂಪ ಅಲ್ಲಿಯೂ ಮಾಯ. ಪ್ರಶ್ನೆ ಕೇಳುವಾಗ ಮಾತ್ರ ‘ಬಂದೆಯಾ?’ ಅಂತ ಆ ರೂಪ ಉಳಿಯುತ್ತದೆ, ಅದಕ್ಕೇ ನಾಲಿಗೆ ‘ಡಿಡ್ ಯೂ ಕೇಮ್’ ಕಡೆ ಜಾರುತ್ತದೆ. ಹಾಗಾಗಿ ಪ್ರಶ್ನೆಗಳನ್ನು ನಾನು ಜಾಸ್ತಿ ಅಭ್ಯಾಸ ಮಾಡಿದೆ. ಅಕ್ಕನಿಗೆ ನಾನೂ ತಿರುಗಿ ಕೇಳುತ್ತಿದ್ದೆ: ಡಿಡ್ ಯೂ ಟೀಚ್, ಡಿಡ್ ಯೂ ಈಟ್, ಡಿಡ್ ಯೂ ಗೆಟ್ ದಿ ಎಯ್ಟ್ ಟೆನ್ ಲೋಕಲ್.

ಮೂರನೆಯ ರೂಪಕ್ಕೂ ಇದೇ ಉಪಾಯ. ‘ಹೋದೆ’ ಅಂದರೆ ವೆಂಟ್, ‘ಹೋಗಿದ್ದೇನೆ’ ಅಂದರೆ ಹ್ಯಾವ್ ಗಾನ್. ನಮ್ಮಲ್ಲೂ ರೂಪ ಬೇರೆಯಾಗುತ್ತದೆ ನೋಡಿ. ಆದರೆ ‘ನಿನ್ನೆ’, ‘ಹೋದ ವಾರ’ ಅಂತ ಸಮಯ ಹೇಳಿದ ಕೂಡಲೇ ಹ್ಯಾವ್ ಬಿಟ್ಟು ಎರಡನೆಯ ರೂಪಕ್ಕೆ ಬರಬೇಕು. ‘ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್‌ಡೇ’ ನಮ್ಮ ಆಫೀಸಿನಲ್ಲಿ ಎಲ್ಲರೂ ಬರೆಯುವ ವಾಕ್ಯ, ‘ಐ ಸೆಂಟ್ ಇಟ್ ಯೆಸ್ಟರ್‌ಡೇ’ ಸಾಕು.

ಅಮೆರಿಕದವರು ‘ಗಾಟನ್’ ಅನ್ನುತ್ತಾರೆ, ‘ಲರ್ನ್ಡ್’ ಬರೆಯುತ್ತಾರೆ. ನಮ್ಮ ಶಾಲೆಗಳಲ್ಲಿ ಗಾಟ್, ಲರ್ನ್ಟ್. ಎರಡೂ ಸರಿಯೇ, ಒಂದು ಮೇಲ್‌ನಲ್ಲಿ ಎರಡನ್ನೂ ಬೆರೆಸದಿದ್ದರಾಯಿತು. ಸ್ಲೇ-ಸ್ಲೂ-ಸ್ಲೇನ್ ಥರದವನ್ನು ಈಗಲೇ ತಲೆಗೆ ತುಂಬಿಕೊಳ್ಳಬೇಡಿ, ಪೇಪರಿನಲ್ಲಿ ಬಂದಾಗ ನೋಡಿಕೊಂಡರಾಯಿತು.

ನಾನು ಈಗ ಹಿಡಿದಿರುವುದು ಲೈ ಮತ್ತು ಲೇ. ಬಿದ್ದಿರುವುದಕ್ಕೆ ಲೈ-ಲೇ-ಲೇನ್, ಇಡುವುದಕ್ಕೆ ಲೇ-ಲೇಡ್-ಲೇಡ್, ಸುಳ್ಳು ಹೇಳುವುದಕ್ಕೆ ಲೈ-ಲೈಡ್-ಲೈಡ್. ಒಂದರ ಎರಡನೆಯ ರೂಪ ಇನ್ನೊಂದರ ಮೊದಲನೆಯ ರೂಪ! ನಮ್ಮ ಗೋಡೌನಿನಲ್ಲಿ ಮಾಲು ಬಿದ್ದಿರದ ದಿನವಿಲ್ಲ, ಹಾಗಾಗಿ ವಾಕ್ಯಕ್ಕೆ ಬರವಿಲ್ಲ. ‘ದ ಗೂಡ್ಸ್ ಲೇ ಇನ್ ದ ಗೋಡೌನ್ ಫಾರ್ ಫೋರ್ ಡೇಸ್.’ ಈ ವಾರ ದಿವಾದಿಂದ ಮುಂಬ್ರಾವರೆಗೆ ಇದೊಂದೇ ವಾಕ್ಯ.