ರಾತ್ರಿ ಹೊತ್ತು ಕಟರ್ ಮುಟ್ಟುವುದಿಲ್ಲ

"ನಿನಗೆ ಇದಕ್ಕೆಲ್ಲ ಪುರುಸೊತ್ತು ಎಲ್ಲಿ ಸಿಗುತ್ತೆ?" ಅಂತ ನಾನು ಕೈಯಾರೆ ಮಾಡಿದ ಶುಭಾಶಯದ ಕಾರ್ಡು ನೋಡಿದವರು ಕೇಳುತ್ತಾರೆ. ಸಿಗುವುದಿಲ್ಲ. ಆಫೀಸು, ಅಡುಗೆ, ಮಗಳ ಹೋಂವರ್ಕ್ ಮುಗಿಯುವಷ್ಟರಲ್ಲಿ ರಾತ್ರಿ 10 ಆಗಿರುತ್ತದೆ. ಒಂದು ಭಾನುವಾರ ಪೂರ್ತಿ ಬಿಡುವಾದಾಗ ಕೂತು ಕಾರ್ಡು ಮಾಡೋಣ ಎಂದು ಎರಡು ವರ್ಷ ಕಾದೆ. ಆ ಭಾನುವಾರ ಬರಲೇ ಇಲ್ಲ. ತಂದಿಟ್ಟ ಕಾಗದದ ಅಂಚು ಮಾತ್ರ ಹಳದಿಯಾಯಿತು.

ಕೊನೆಗೊಂದು ರಾತ್ರಿ ಹಠಕ್ಕೆ ಬಿದ್ದು ಕೂತೆ. ದೊಡ್ಡ ಶೀಟುಗಳಿಂದ 12 ಕಾರ್ಡು ಕತ್ತರಿಸಿ, ಮಡಿಸಿ, ಮೇಲೆ ಕಾಗದದ ಹೂವನ್ನೂ ಕೂರಿಸಿದೆ. ಬೆಳಿಗ್ಗೆ ಲಕೋಟೆಗೆ ಹಾಕಹೋದರೆ ಒಂದೂ ಒಳಗೆ ಹೋಗಲಿಲ್ಲ! ಲಕೋಟೆ ಸಿ6, ಅಂದರೆ 114×162 ಮಿ.ಮೀ. ಕಾರ್ಡಿನ ಅಗಲ 105 ಇರಬೇಕಾದದ್ದನ್ನು ನಿದ್ದೆಗಣ್ಣಲ್ಲಿ 115 ಎಂದು ಗುರುತು ಹಾಕಿಕೊಂಡಿದ್ದೆ.

ಸಿಟ್ಟು ಇಳಿದ ಮೇಲೆ ಒಂದು ವಿಷಯ ಹೊಳೆಯಿತು. ಅವತ್ತು ಅಂಟಿಸಿದ್ದರಲ್ಲಿ, ಮಡಿಸಿದ್ದರಲ್ಲಿ ಒಂದು ತಪ್ಪೂ ಇರಲಿಲ್ಲ. ಕೈಕೊಟ್ಟದ್ದು ಅಳತೆ ಮಾತ್ರ. ಎಲ್ಲ ಕೆಲಸಕ್ಕೂ ಒಂದೇ ತರಹದ ಎಚ್ಚರ ಬೇಕಿಲ್ಲ ಅಂದಮೇಲೆ ಎಲ್ಲವನ್ನೂ ಒಂದೇ ಸಲ ಕೂತು ಮಾಡುವುದೇಕೆ?

ಈಗ ಅಳೆಯುವುದು, ಕತ್ತರಿಸುವುದು ರಜೆಯ ದಿನ ಬೆಳಿಗ್ಗೆ, ಮನೆ ಏಳುವ ಮೊದಲು 20 ನಿಮಿಷ. ಸ್ಟೀಲ್ ಸ್ಕೇಲು, ಹೊಸ ಬ್ಲೇಡು. ಮೊಂಡು ಬ್ಲೇಡು ಕಾಗದವನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ತಿಂಗಳಿಗಾಗುವಷ್ಟು ಒಟ್ಟಿಗೇ ಕತ್ತರಿಸಿಡುತ್ತೇನೆ. ಕಾರ್ಡಿಗೆ 250 ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ಅನ್ನುವ ಲೆಕ್ಕ) ಶೀಟು, ಮೇಲಿನ ಅಲಂಕಾರಕ್ಕೆ 120. ದೊಡ್ಡ ಶೀಟಿನ ಸಹವಾಸ ಬಿಟ್ಟು ಎ4ಗೆ ಬಂದಿದ್ದೇನೆ. ಅಡ್ಡಕ್ಕೆ ಎರಡಾಗಿ ಕತ್ತರಿಸಿ ಒಂದೊಂದನ್ನೂ ಮಡಿಸಿದರೆ 105×148, ಸಿ6 ಲಕೋಟೆಗೆ ಸಲೀಸು.

ಉದ್ದಕ್ಕೆ ಸೀಳಿ ಮಡಿಸಿದರೂ ಅದೇ ಅಳತೆ ಬರುತ್ತದೆ. ಆದರೆ ನಾನು ಹಾಗೆ ಮಾಡಿದಾಗ ಮಡಿಕೆಯ ಮೇಲೆ ಬಣ್ಣ ಬಿರಿದು ಒಳಗಿನ ಬಿಳಿ ಇಣುಕುತ್ತಿತ್ತು. ಕಾಗದ ಕಳಪೆ ಅಂದುಕೊಂಡಿದ್ದೆ, ಪಾಪ. ಕಾಗದದಲ್ಲಿ ನಾರು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತದೆ. ಅದರ ಜೊತೆಗೆ ಮಡಿಸಿದರೆ ನೀಟಾಗಿ ಬಾಗುತ್ತದೆ, ಅಡ್ಡಕ್ಕೆ ಮಡಿಸಿದರೆ ಬಿರಿಯುತ್ತದೆ. ಎ4 ಶೀಟುಗಳಲ್ಲಿ ಸಾಮಾನ್ಯವಾಗಿ ನಾರು ಉದ್ದಕ್ಕೇ ಇರುತ್ತದೆ, ಉದ್ದಕ್ಕೆ ಸೀಳಿದ ತುಂಡಿನ ಮಡಿಕೆ ಅದಕ್ಕೆ ಅಡ್ಡ ಬೀಳುತ್ತದೆ. ಅನುಮಾನವಿದ್ದರೆ ಶೀಟನ್ನು ಮಡಿಕೆ ಬೀಳದಂತೆ ಎರಡೂ ಕಡೆಗೆ ಬಾಗಿಸಿ ನೋಡುತ್ತೇನೆ. ಯಾವ ಕಡೆ ಸುಲಭವಾಗಿ ಬಾಗುತ್ತದೋ ಮಡಿಕೆಯೂ ಆ ಕಡೆಗೇ.

ಮಡಿಸುವ ಕೆಲಸ ಫೋನಿನ ಹೊತ್ತಿಗೆ. ಇಂಕು ಮುಗಿದ ಬಾಲ್‌ಪೆನ್ನಿಂದ ಗೀರು ಎಳೆದು ಮಡಿಸಿ, ಚಮಚದ ಬೆನ್ನಿನಿಂದ ಉಜ್ಜಿದರೆ ಆಯಿತು. ಅಕ್ಕ ಫೋನ್ ಮಾಡಿದರೆ 15 ಕಾರ್ಡಿಗೆ ಮೋಸವಿಲ್ಲ.

ನನ್ನ ಸಮಯ ಅತಿ ಹೆಚ್ಚು ತಿನ್ನುತ್ತಿದ್ದದ್ದು ಬಣ್ಣ ಆರಿಸುವುದು. ಯಾವ ನೀಲಿಗೆ ಯಾವ ಹಳದಿ ಅನ್ನುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತಿತ್ತು. ಅದಕ್ಕೇ ಮಡಿಸಿ ಮುಗಿದ ಕೂಡಲೇ ಒಂದೊಂದು ಕಾರ್ಡಿನ ಮಡಿಕೆಯೊಳಗೆ ಅದಕ್ಕೆ ಬೇಕಾದ ತುಂಡುಗಳನ್ನು ಸೇರಿಸಿ ಕ್ಲಿಪ್ ಹಾಕಿಡುತ್ತೇನೆ. ರಾತ್ರಿ ಟ್ರೇ ಎಳೆದು, ಒಂದು ಕ್ಲಿಪ್ ಬಿಚ್ಚಿ, ಅಂಟಿಸಿ ಎದ್ದರೆ 10 ನಿಮಿಷ. ದ್ರವದ ಅಂಟು ಬಿಟ್ಟಿದ್ದೇನೆ. ನೀರಿನಂಶಕ್ಕೆ ಕಾಗದ ಅಲೆಅಲೆಯಾಗುತ್ತದೆ, ಒಣಗುವವರೆಗೆ ಕಾಯಲೂ ಬೇಕು. ಡಬಲ್ ಸೈಡ್ ಟೇಪಿಗೆ ಆ ರಗಳೆಯಿಲ್ಲ. ಹೂವು ಉಬ್ಬಿ ಕಾಣಬೇಕಿದ್ದರೆ ಫೋಮ್ ಟೇಪು. ಒಂದೇ ತೊಂದರೆ, ಸೊಟ್ಟ ಕೂತರೆ ಸೊಟ್ಟವೇ. ಅಂಥ ಎರಡು ಕಾರ್ಡನ್ನು "ಹೀಗೇ ಡಿಸೈನು" ಅಂತ ಕೊಟ್ಟದ್ದೂ ಉಂಟು.

ಒಳಗೆ ಬರೆಯುವುದಕ್ಕೆ ಮಾತ್ರ ಇನ್ನೂ ಉಪಾಯ ಸಿಕ್ಕಿಲ್ಲ. ಕಾರ್ಡು ಎಷ್ಟು ದಿನ ಮುಂಚೆ ಸಿದ್ಧವಾಗಿದ್ದರೂ ಆ ಎರಡು ಸಾಲು ಬರೆಯುವುದು ಹೊರಡುವ ಹೊತ್ತಿಗೇ, ಬಾಗಿಲಲ್ಲಿ ನಿಂತು, ಗೋಡೆಗೆ ಒತ್ತಿಕೊಂಡು.