ಬಾಹ್ಯಾಕಾಶದ ಫೋಟೊ ಮೇಲೆ ಅನುಮಾನವೇ? ಹೀಗೆ ಪರೀಕ್ಷಿಸಿ

ಚಂದ್ರಯಾನ-3ರಲ್ಲಿ ಚಂದ್ರನ ಮೇಲೆ ಓಡಾಡಿದ ಪುಟ್ಟ ಗಾಡಿ ಪ್ರಜ್ಞಾನ್ ರೋವರ್, ತನ್ನನ್ನು ಅಲ್ಲಿಗೆ ಇಳಿಸಿದ ವಿಕ್ರಮ್ ಲ್ಯಾಂಡರ್‌ನ ಫೋಟೊವನ್ನು 2023ರ ಆಗಸ್ಟ್ 30ರಂದು ತೆಗೆಯಿತು. ಅದನ್ನು ನೋಡಿ ಮೂಗು ಮುರಿದವರು ಕಮ್ಮಿ ಇರಲಿಲ್ಲ. ಇಷ್ಟು ಖರ್ಚು ಮಾಡಿ ಕಪ್ಪು-ಬಿಳುಪು ಚಿತ್ರವೇ? ಆಕಾಶದಲ್ಲಿ ಒಂದು ನಕ್ಷತ್ರವೂ ಇಲ್ವಲ್ಲ? ಕೇಳುವುದರಲ್ಲಿ ತಪ್ಪೇನೂ ಇಲ್ಲ, ದುಡ್ಡು ನಮ್ಮದೇ. ಆದರೆ ಕೇಳುವುದಕ್ಕೂ ಒಂದು ಕ್ರಮ ಇದೆ.

ಮೊದಲು, ಆ ಕ್ಯಾಮೆರಾ ಇಟ್ಟಿರುವುದು ಯಾವ ಕೆಲಸಕ್ಕೆ ಎಂದು ನೋಡಿ. ಆ ಫೋಟೊ ತೆಗೆದದ್ದು ರೋವರ್‌ನ ನ್ಯಾವಿಗೇಷನ್ ಕ್ಯಾಮೆರಾ, ಅಂದರೆ ದಾರಿ ನೋಡುವ ಕ್ಯಾಮೆರಾ. ಅಂಥವು ಎರಡಿವೆ. ಎಡ, ಬಲ ಎರಡರ ಚಿತ್ರ ಜೋಡಿಸಿ ಕಲ್ಲು ಎಷ್ಟು ದೂರ, ಗುಂಡಿ ಎಷ್ಟು ಆಳ ಎಂದು ಲೆಕ್ಕ ಹಾಕುತ್ತಾರೆ. ಇದಕ್ಕೆ ಬಣ್ಣ ಬೇಕಿಲ್ಲ. ಅದೇ ಆಗಸ್ಟ್ 27ರಂದು ರೋವರ್‌ಗೆ ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಕುಳಿ ಎದುರಾಯಿತು. ಬಂದ ದಾರಿಯಲ್ಲೇ ವಾಪಸ್ ಹೋಗು ಎಂದು ಇಲ್ಲಿಂದ ಆದೇಶ ಹೋಯಿತು. ಕುಳಿಯ ಚಿತ್ರ ಕೊಟ್ಟದ್ದು ಇದೇ ಕಪ್ಪು-ಬಿಳುಪು ಕ್ಯಾಮೆರಾ. ನನ್ನ ಮಟ್ಟಿಗೆ ಅದು ಆ ಯಾನದ ಬಹಳ ಬೆಲೆಬಾಳುವ ಫೋಟೊಗಳಲ್ಲೊಂದು.

ಆಮೇಲೆ ಚಿತ್ರ ಬಂದ ದಾರಿ ಹಿಡಿಯಿರಿ. 26 ಕೆ.ಜಿ. ತೂಕದ ರೋವರ್‌ಗೆ ಸೌರಫಲಕದಿಂದ ಸಿಗುವುದು 50 ವ್ಯಾಟ್ ವಿದ್ಯುತ್. ಅದು ನೇರವಾಗಿ ಭೂಮಿಗೆ ಏನನ್ನೂ ಕಳಿಸುವುದಿಲ್ಲ, ಲ್ಯಾಂಡರ್‌ಗೆ ಕೊಡುತ್ತದೆ. ಲ್ಯಾಂಡರ್‌ನಿಂದ ಸುಮಾರು 3.84 ಲಕ್ಷ ಕಿ.ಮೀ. ದಾಟಿ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿರುವ 32 ಮೀಟರ್ ಆಂಟೆನಾದಂಥವುಗಳಿಗೆ ಮುಟ್ಟಬೇಕು. ಹೀಗೆ ಬರುವ ಡೇಟಾದಲ್ಲಿ ಒಂದಷ್ಟು ದಾರಿಯಲ್ಲೇ ಕಳೆದುಹೋಗುವುದುಂಟು.

ಕಳೆದುಹೋದರೆ ಏನಾಗುತ್ತದೆ? 1976ರ ಜುಲೈನಲ್ಲಿ ನಾಸಾದ ವೈಕಿಂಗ್-1 ನೌಕೆ ತೆಗೆದ, ಮನುಷ್ಯನ ಮುಖದಂತೆ ಕಾಣುವ ಮಂಗಳ ಗ್ರಹದ 'ಮುಖ'ದ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಚಿತ್ರದ ತುಂಬಾ ಕಪ್ಪು ಚುಕ್ಕಿಗಳು. ಅವು ಬಾರದೇ ಹೋದ ಡೇಟಾ. ಅಂಥ ಒಂದು ಚುಕ್ಕಿ ಸರಿಯಾಗಿ ಮೂಗಿನ ಹೊಳ್ಳೆ ಇರಬೇಕಾದ ಜಾಗಕ್ಕೇ ಬಿದ್ದಿದೆ! ಸೂರ್ಯ ಓರೆಯಾಗಿದ್ದ, ನೆರಳು ಉದ್ದವಾಗಿತ್ತು, ಉಳಿದದ್ದನ್ನು ನಮ್ಮ ಕಣ್ಣು ತುಂಬಿಕೊಂಡಿತು. 1998ರಲ್ಲಿ, ಮತ್ತೆ 2001ರಲ್ಲಿ ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ ಅದೇ ಜಾಗವನ್ನು ಇನ್ನೂ ಸ್ಪಷ್ಟವಾಗಿ ಸೆರೆಹಿಡಿಯಿತು. ಇದ್ದದ್ದು ಬರೀ ಗುಡ್ಡ.

ನಕ್ಷತ್ರಗಳ ವಿಷಯವನ್ನು ಮನೆಯಂಗಳದಲ್ಲೇ ಪರೀಕ್ಷಿಸಬಹುದು. ಹುಣ್ಣಿಮೆಯ ದಿನ ಫೋನ್ ಕ್ಯಾಮೆರಾದ ಪರದೆಯಲ್ಲಿ ಚಂದ್ರನನ್ನು ಮುಟ್ಟಿ, ಅದರ ಕಲೆಗಳು ಕಾಣುವವರೆಗೆ ಬೆಳಕು ಇಳಿಸಿ. ಸುತ್ತಲಿನ ನಕ್ಷತ್ರಗಳು ಮಾಯ. ಬಿಸಿಲಿಗೆ ಹೊಳೆಯುವ ನೆಲಕ್ಕೆ ಹೊಂದಿಸಿದ ಕ್ಯಾಮೆರಾಕ್ಕೆ ಮಂಕು ನಕ್ಷತ್ರ ಸಿಗುವುದಿಲ್ಲ.

ಜಾಸ್ತಿ ಅನುಮಾನ ಪಡಬೇಕಾದದ್ದು ತೀರಾ ಚೆಂದದ ಚಿತ್ರಗಳ ಮೇಲೆ. ಚಂದ್ರನ ಮಣ್ಣಿನಲ್ಲಿ ಅಶೋಕ ಲಾಂಛನ ಅಚ್ಚೊತ್ತಿದ ಚಿತ್ರ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬೇಕು, ಅಲ್ವಾ? ಪ್ರಜ್ಞಾನ್ ಚಕ್ರದಲ್ಲಿ ಲಾಂಛನ ಇದ್ದದ್ದು ನಿಜ. ಆದರೆ ಹರಿದಾಡಿದ ಆ ಚಿತ್ರ ಕಲಾವಿದರೊಬ್ಬರು ಕಂಪ್ಯೂಟರ್‌ನಲ್ಲಿ ಮಾಡಿದ್ದು. ಎಲ್ಲೋ ನೋಡಿದ ಚಿತ್ರವನ್ನು ಹಂಚುವ ಮೊದಲು ಇಸ್ರೊ ಜಾಲತಾಣದಲ್ಲಿ ಅದು ಇದೆಯಾ ನೋಡಿ. ಇಲ್ಲದಿದ್ದರೆ ಸುಮ್ನೆ ಬಿಟ್ಟುಬಿಡಿ.

ಇನ್ನೂ ಸಮಾಧಾನವಾಗಲಿಲ್ಲವೇ? ಬೇರೆಯವರ ಕ್ಯಾಮೆರಾ ಏನು ಹೇಳುತ್ತದೆ ನೋಡಿ. ವಿಕ್ರಮ್ ಇಳಿದ ನಾಲ್ಕನೇ ದಿನ ಚಂದ್ರನನ್ನು ಸುತ್ತುವ ನಾಸಾದ ಎಲ್‌ಆರ್‌ಒ ನೌಕೆ ಮೇಲಿನಿಂದ ಅದರ ಫೋಟೊ ತೆಗೆಯಿತು. ಎಂಜಿನ್ ಹೊಗೆ ಬಡಿದು ಮಣ್ಣು ಕದಡಿದ ಬೆಳ್ಳನೆ ವರ್ತುಲವೂ ಅದರಲ್ಲಿದೆ. ನಮ್ಮ ಚಂದ್ರಯಾನ-2ರ ಕ್ಯಾಮೆರಾ ಮನುಷ್ಯರನ್ನು ಮೊದಲ ಸಲ ಚಂದ್ರನ ಮೇಲೆ ಇಳಿಸಿದ ಅಪೊಲೊ-11 ಅಲ್ಲಿ ಬಿಟ್ಟುಬಂದ ಭಾಗವನ್ನೂ ಸೆರೆಹಿಡಿದಿದೆ. ಮೂಲ ಕಡತಗಳೇ ಬೇಕೆಂದರೆ ಇಸ್ರೊದ 'ಪ್ರದಾನ್' ತಾಣದಲ್ಲಿ ಹೆಸರು ನೋಂದಾಯಿಸಿ ಇಳಿಸಿಕೊಳ್ಳಬಹುದು. ಚಂದ್ರಯಾನ-3ರ ಡೇಟಾ 2024ರಿಂದ ಅಲ್ಲಿದೆ. ಮೊದಲ ಸಲಕ್ಕೆ ನ್ಯಾವಿಗೇಷನ್ ಕ್ಯಾಮೆರಾದ ಎಡ-ಬಲ ಜೋಡಿಯನ್ನೇ ತೆರೆದು ಹೋಲಿಸಿ ನೋಡಿ.